ಒಂದು ವರ್ಷ ನೋಡೋಣ

ಬೆಳಗಿನ ಹೊತ್ತು ಮಂಗಳೂರಿನ ಸಿಟಿ ಬಸ್ಸು ಹತ್ತಿದವರಿಗೆ ಗೊತ್ತು, ಎಂಟೂವರೆ ಒಂಬತ್ತರ ಸುಮಾರಿಗೆ ಬಸ್ಸು ಅರ್ಧಕ್ಕರ್ಧ ಕಾಲೇಜು ಹುಡುಗಿಯರದ್ದೇ. ಹೆಗಲಲ್ಲಿ ಚೀಲ, ಕೈಯಲ್ಲಿ ಪ್ರಾಕ್ಟಿಕಲ್ ರೆಕಾರ್ಡು, ಕೆಲವರ ತೋಳಿನ ಮೇಲೆ ಮಡಚಿದ ಬಿಳಿ ಕೋಟು. ಹಂಪನಕಟ್ಟೆ, ಜ್ಯೋತಿ, ಬೆಂದೂರ್‌ವೆಲ್ ಎಂದು ಒಂದೊಂದು ಕಡೆ ಒಂದೊಂದು ಗುಂಪು ಇಳಿದು ಹೋಗುತ್ತದೆ. ಯಾರೂ ಅವರನ್ನು ತಿರುಗಿ ನೋಡುವುದಿಲ್ಲ. ಹೆಣ್ಣುಮಕ್ಕಳು ಬಿ.ಎಸ್ಸಿ. ಓದುವುದು ಇಂದು ಸುದ್ದಿಯೇ ಅಲ್ಲ. ಆದರೆ ಇಂಥ ದಿನ ಬರುವುದಕ್ಕೆ ಎಷ್ಟು ಕಾಲ ಹಿಡಿಯಿತು, ಯಾರು ಯಾರು ಎಷ್ಟೆಷ್ಟು ಬಾಗಿಲು ತಟ್ಟಬೇಕಾಯಿತು ಎಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ. ಅಕ್ಬರನ ಆಡಳಿತ, ಟಿಪ್ಪುವಿನ ಯುದ್ಧಗಳನ್ನು ಪಾಠ ಮಾಡಿ ಮಾಡಿ ಬಾಯಿಪಾಠವಾಗಿರುವ ನನ್ನಂಥ ಅಧ್ಯಾಪಕಿ ಕೂಡ ಈ ಚರಿತ್ರೆಯನ್ನು ಪಠ್ಯಪುಸ್ತಕದ ಹೊರಗೇ ಹುಡುಕಿ ಓದಬೇಕಾಯಿತು.

ನಮ್ಮೂರಿನಿಂದಲೇ ಆರಂಭಿಸೋಣ. ಹೆಣ್ಣುಮಕ್ಕಳ ಶಾಲೆಯ ವಿಷಯದಲ್ಲಿ ಮಂಗಳೂರು ಹಿಂದೆ ಬಿದ್ದ ಊರಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಬಂದು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವುದನ್ನೇ ತಮ್ಮ ಕೆಲಸವಾಗಿ ಮಾಡಿಕೊಂಡರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದರು. ಮೂರೇ ವರ್ಷಕ್ಕೆ, 1894ರಲ್ಲಿ, ಹುಡುಗಿಯರಿಗೆಂದೇ ಇನ್ನೊಂದು ಶಾಲೆ ತೆರೆದರು. ಮುಂದೆ 1906ರಲ್ಲಿ ಕೆನರಾ ಬ್ಯಾಂಕಿನ ಮೂಲವಾದ ಸಂಸ್ಥೆಯನ್ನು ಆರಂಭಿಸಿದವರೂ ಅವರೇ. ಬ್ಯಾಂಕಿಗಿಂತ ಮೊದಲು ಹುಡುಗಿಯರ ಶಾಲೆ ಕಟ್ಟಬೇಕೆಂದು ತೋರಿತಲ್ಲ, ಆ ದೂರದೃಷ್ಟಿ ದೊಡ್ಡದು.

ಶಾಲೆಯೇನೋ ಆಯಿತು. ಶಾಲೆ ಮುಗಿದ ಮೇಲೆ ಏನು? ಹುಡುಗನಾದರೆ ಊರಿನಲ್ಲೇ ಸರ್ಕಾರಿ ಕಾಲೇಜಿತ್ತು, 1880ರಲ್ಲಿ ಜೆಸ್ವಿತ್ ಪಾದ್ರಿಗಳು ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜಿತ್ತು. ಹುಡುಗಿಗೆ ಅಂಥ ಕಾಲೇಜು ಇರಲಿಲ್ಲ. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪದವಿ ಕೊಡುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾನಿಲಯ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಮದ್ರಾಸಿನಲ್ಲಿ ಹೆಂಗಸರ ಕಾಲೇಜಾಗಿ ಕ್ವೀನ್ ಮೇರೀಸ್ ತೆರೆದದ್ದು 1914ರಲ್ಲಿ. ಮಗಳನ್ನು ಅಷ್ಟು ದೂರ ಕಳುಹಿಸುವ ಧೈರ್ಯ, ಆ ಖರ್ಚನ್ನು ತಡೆದುಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದ್ದೀತು?

ಆ ಧೈರ್ಯ ಮಾಡಿದ ಒಬ್ಬರು ಕುದ್ಮುಲ್ ರಂಗರಾಯರು. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕಾಗಿ ತಮ್ಮ ಸಮಾಜದವರಿಂದಲೇ ಬಹಿಷ್ಕಾರ ಅನುಭವಿಸಿದ ಮಹಾನುಭಾವರು. ಅವರ ಮಗಳು ರಾಧಾಬಾಯಿ ಹುಟ್ಟಿದ್ದು 1891ರಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜಿನಲ್ಲಿ ಕಲಿತರು. ಜಾತಿಯ ಗೆರೆ ದಾಟಿ ತಮಿಳುನಾಡಿನ ಡಾ. ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. 1930ರ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರು ಈ ನಮ್ಮೂರಿನ ರಾಧಾಬಾಯಿ. 1938ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ಗೆ, ಅಂದರೆ ಅಂದಿನ ಮೇಲ್ಮನೆಗೆ, ಮೊದಲ ಮಹಿಳಾ ಸದಸ್ಯೆಯಾದರು.

ಇಲ್ಲೊಂದು ಮಾತು ಹೇಳಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್ ಎಂದರೆ ನಮಗೆ ಈಗಲೂ ಭಯಭಕ್ತಿ. ಆದರೆ ಹೆಂಗಸರಿಗೆ ಪದವಿ ಕೊಡಲು ಆಕ್ಸ್‌ಫರ್ಡ್ ಒಪ್ಪಿದ್ದು 1920ರಲ್ಲಿ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಪಾಸೂ ಆಗಬಹುದಿತ್ತು, ಪದವಿ ಮಾತ್ರ ಇಲ್ಲ. ಅದಕ್ಕೆ ಹೋಲಿಸಿದರೆ ನಮ್ಮ ಕಲ್ಕತ್ತಾ ವಿಶ್ವವಿದ್ಯಾನಿಲಯವೇ ವಾಸಿ. ಕಾದಂಬಿನಿ ಬಸು, ಚಂದ್ರಮುಖಿ ಬಸು ಎಂಬಿಬ್ಬರು 1883ರಲ್ಲೇ ಅಲ್ಲಿ ಪದವೀಧರೆಯರಾಗಿದ್ದರು.

ಹೀಗಿರುವಾಗ 1921ರಲ್ಲಿ ಅದೇ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದರು. ಹೆಂಗಸರಿಗಾಗಿಯೇ ಹುಟ್ಟಿದ ಕಾಲೇಜು ಅದು. ಅದರ ದೊಡ್ಡಸ್ತಿಕೆ ಎಲ್ಲಿದೆ ಎಂದರೆ, ಮಗಳು ಬೆಳಗ್ಗೆ ಗಂಜಿ ಉಂಡು ಕಾಲೇಜಿಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದಾಯಿತು. ಇಷ್ಟು ಸಾಕಿತ್ತು. ಮಗಳಿಗೆ ಓದು ಬೇಡವೆನ್ನುವ ಮನೆಗಳಿಗಿಂತ ಮಗಳನ್ನು ದೂರ ಕಳುಹಿಸಲು ಹೆದರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಈಗಲೂ ಅಷ್ಟೇ ಅಲ್ಲವೆ? 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1980ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ನಮ್ಮದೇ ವಿಶ್ವವಿದ್ಯಾನಿಲಯ ಬಂತು. ಎಂ.ಎಸ್ಸಿ. ಕೂಡ ಬಸ್ಸಿನಲ್ಲಿ ಹೋಗಿ ಬರುವ ದೂರಕ್ಕೆ ಇಳಿಯಿತು.

ಕಾಲೇಜಿನ ಬಾಗಿಲು ಹೀಗೆ ತೆರೆಯಿತು. ಅದರಾಚೆ ಇನ್ನೊಂದು ಬಾಗಿಲಿತ್ತು, ಸಂಶೋಧನೆಯದು. ಇನ್ನೊಬ್ಬರು ಕಂಡುಹಿಡಿದದ್ದನ್ನು ಓದಿ ಪಾಸಾಗುವುದು ಒಂದು, ತಾನೇ ಕಂಡುಹಿಡಿಯುವುದು ಇನ್ನೊಂದು. ಆ ಬಾಗಿಲನ್ನು ತಟ್ಟಿದ ಕಥೆಗೆ ನಾವು ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು.

ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. 1933ರಲ್ಲಿ ಅದಕ್ಕೆ ಮೊದಲ ಭಾರತೀಯ ನಿರ್ದೇಶಕರಾಗಿ ಸರ್ ಸಿ. ವಿ. ರಾಮನ್ ಬಂದರು. ನೊಬೆಲ್ ಬಹುಮಾನ ಬಂದು ಮೂರೇ ವರ್ಷ ಕಳೆದಿತ್ತು. ಅದೇ ವರ್ಷ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ಇಪ್ಪತ್ತೆರಡರ ಹುಡುಗಿ ಸಂಶೋಧನೆಗಾಗಿ ಅರ್ಜಿ ಹಾಕಿದಳು. ಮರಾಠಿ ಲೇಖಕಿ ದುರ್ಗಾ ಭಾಗವತರ ಸಹೋದರಿ ಈಕೆ. ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ತನಗೂ ಅಲ್ಲಿ ಜಾಗ ಸಿಕ್ಕೀತು ಎಂದು ಆಕೆ ನಂಬಿದ್ದರೆ ತಪ್ಪೇನು? ಬಂದ ಉತ್ತರ, ಇಲ್ಲ ಎಂದು. ಅಂಕ ಕಡಿಮೆಯಾಯಿತೆಂದಲ್ಲ, ಹೆಣ್ಣು ಎಂದು.

ತಂದೆ, ಚಿಕ್ಕಪ್ಪ ಕೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಅದು ಗಾಂಧೀಜಿಯ ಕಾಲ. ಕಮಲಾ ನೇರವಾಗಿ ರಾಮನ್‌ರ ಬಳಿಗೇ ಹೋಗಿ ಕಾರಣ ಕೇಳಿದಳು, ಸೇರಿಸಿಕೊಳ್ಳುವವರೆಗೆ ಬಿಡುವುದಿಲ್ಲ ಎಂದು ಸತ್ಯಾಗ್ರಹದ ಹಟ ಹಿಡಿದಳು. ಕೊನೆಗೆ ಅವರು ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ಒಂದು ವರ್ಷ ಆಕೆಗೆ ಪೂರ್ಣ ವಿದ್ಯಾರ್ಥಿನಿಯ ಮಾನ್ಯತೆ ಇಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯಾದರೂ ಕೆಲಸ ಮಾಡಬೇಕು. ತನ್ನಿಂದಾಗಿ ಪ್ರಯೋಗಾಲಯದ ಗಂಡಸರ ಗಮನ ಕೆಡಬಾರದು. ವರ್ಷ ಕಳೆದ ಮೇಲೆ ನಿರ್ದೇಶಕರಿಗೆ ತೃಪ್ತಿಯಾದರೆ ಮುಂದಿನ ಮಾತು. ನಮ್ಮ ಮನೆ ಭಾಷೆಯಲ್ಲಿ ಹೇಳುವುದಾದರೆ, ಒಂದು ವರ್ಷ ನೋಡೋಣ.

ಕಮಲಾ ಒಪ್ಪಿದರು, ಒಪ್ಪದೆ ಬೇರೆ ದಾರಿ ಇರಲಿಲ್ಲ. ಆದರೆ ಅದನ್ನು ಅವರು ಮರೆಯಲಿಲ್ಲ. ಅರವತ್ತು ವರ್ಷಗಳಾದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲೂ, ಅದನ್ನು ತನಗಾದ ಅವಮಾನವೆಂದೇ ನೆನೆದರು.

ಆ ಕಾಲವೇ ಹಾಗಿತ್ತು ಎಂದು ಹೇಳಿ ನಾವು ಇಂಥ ಸಂಗತಿಗಳನ್ನು ಮುಗಿಸಿಬಿಡುತ್ತೇವೆ. ಆದರೆ ಅದೇ ಕಾಲದಲ್ಲಿ, ಅದೇ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಎಂಬ ಅಧ್ಯಾಪಕರಿದ್ದರು. ಕಟ್ಟುನಿಟ್ಟಿನ ಮನುಷ್ಯ. ಕಮಲಾರಿಗೆ ಹಾಲಿನ, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಕೊಟ್ಟು ಮನಸ್ಸಿಟ್ಟು ಕಲಿಸಿದರು. ಹಾಗಾಗಿ ದೋಷವನ್ನೆಲ್ಲ ಕಾಲದ ತಲೆಗೆ ಕಟ್ಟುವುದು ಸರಿಯಲ್ಲ. ಯಾವ ಕಾಲದಲ್ಲೂ ಎರಡು ಬಗೆಯ ಮನುಷ್ಯರಿರುತ್ತಾರೆ. ರಾಮನ್‌ರ ಬಗ್ಗೆಯೂ ನ್ಯಾಯವಾಗಿ ಹೇಳಬೇಕಾದದ್ದಿದೆ. ವರ್ಷ ತುಂಬಿದಾಗ ಅವರಿಗೆ ಒಪ್ಪಿಗೆಯಾಯಿತು. ಕಮಲಾರ ನಂತರ ಆ ಸಂಸ್ಥೆಗೆ ಹೆಣ್ಣುಮಕ್ಕಳು ಬಂದರು.

ಕಮಲಾ ಅಲ್ಲಿಂದ ಕೇಂಬ್ರಿಜ್‌ಗೆ ಹೋದರು. ಗಿಡಮರಗಳ ಜೀವಕೋಶಗಳು ಉಸಿರಾಡುವ ಕ್ರಿಯೆಯಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿಗೆ ಪಾತ್ರವಿದೆ ಎಂಬುದನ್ನು ಬಟಾಟೆಯಲ್ಲಿ ಪರೀಕ್ಷೆ ಮಾಡುತ್ತಾ ಕಂಡುಕೊಂಡರು. ಬರೆದ ಪ್ರಬಂಧ ಬರೀ ನಲವತ್ತು ಪುಟ. 1939ರಲ್ಲಿ ಪಿಎಚ್.ಡಿ. ಬಂತು. ಆದರೆ ಕೇಂಬ್ರಿಜ್ ಆಗ ಹೆಂಗಸರಿಗೆ ಕೊಡುತ್ತಿದ್ದದ್ದು ಪದವಿಯ ಹೆಸರನ್ನು ಮಾತ್ರ. ಗಂಡಸರಂತೆ ವಿಶ್ವವಿದ್ಯಾನಿಲಯದ ಪೂರ್ಣ ಸದಸ್ಯತ್ವ ಹೆಂಗಸರಿಗೆ ಸಿಕ್ಕಿದ್ದು 1948ರಲ್ಲಿ. ಬೆಂಗಳೂರಿನ ಒಂದು ವರ್ಷದ ಪರೀಕ್ಷೆ ದಾಟಿ ಹೋದವರಿಗೆ ಅಲ್ಲೂ ಇನ್ನೊಂದು ಬಗೆಯ ಹೊಸ್ತಿಲು ಕಾದಿತ್ತು.

ಊರಿಗೆ ಮರಳಿದ ಕಮಲಾ ದೆಹಲಿ, ಕೂನೂರುಗಳಲ್ಲಿ ಕೆಲಸ ಮಾಡಿದರು. 1947ರಲ್ಲಿ ಮದುವೆಯಾಗಿ ಕಮಲಾ ಸೊಹೊನಿ ಆದರು. ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ನೀರಾದ ಮೇಲೆ ಸಂಶೋಧನೆ ನಡೆಸಿದರು. ನಮ್ಮ ಕರಾವಳಿಯವರಿಗೆ ನೀರಾ ಹೊಸದಲ್ಲ. ಬಡ ಮಕ್ಕಳಿಗೆ, ಬಸುರಿಯರಿಗೆ ಅದು ಎಂಥ ಒಳ್ಳೆಯ ಪೋಷಣೆ ಎಂಬುದನ್ನು ತೋರಿಸಿಕೊಟ್ಟದ್ದಕ್ಕಾಗಿ ರಾಷ್ಟ್ರಪತಿ ಪ್ರಶಸ್ತಿ ಬಂತು. ಅಷ್ಟೆಲ್ಲ ಆದರೂ ಅದೇ ಸಂಸ್ಥೆಯ ನಿರ್ದೇಶಕಿಯಾಗಲು ನಾಲ್ಕು ವರ್ಷ ಕಾಯಬೇಕಾಯಿತು. ಅವರು ತೀರಿಕೊಂಡದ್ದು 1998ರಲ್ಲಿ.

ಎರಡನೆಯ ಕಥೆ ಅಣ್ಣಾ ಮಣಿಯವರದು. ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡಲು ಬಂದರೆ, ಓಲೆ ಬೇಡ, ವಿಶ್ವಕೋಶದ ಪುಸ್ತಕಗಳು ಬೇಕು ಎಂದ ಹುಡುಗಿ. ವಿಧಿಯಾಟ ನೋಡಿ, 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್‌ರ ಪ್ರಯೋಗಾಲಯದಲ್ಲಿ ಆಕೆ ಹಿಡಿದ ಕೆಲಸ ವಜ್ರ ಮತ್ತು ಮಾಣಿಕ್ಯಗಳು ಬೆಳಕಿಗೆ ಹೇಗೆ ಹೊಳೆಯುತ್ತವೆ ಎಂಬುದರ ಮೇಲೆ! ಕಿವಿಗೆ ಬೇಡವೆಂದ ವಜ್ರವನ್ನು ಕಣ್ಣಿಗೆ ಹತ್ತಿರ ತಂದುಕೊಂಡರು. 1942ರಿಂದ 1945ರೊಳಗೆ ತಾನೊಬ್ಬಳೇ ಬರೆದ ಐದು ಲೇಖನಗಳು ಪ್ರಕಟವಾದವು. 1945ರಲ್ಲಿ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಮಂಗಳೂರಿನ ನಮ್ಮ ಅಜ್ಜಿಯಂದಿರ ಕಾಲದ ಬಿ.ಎ.ಗಳಿಗೆ ಮೊಹರು ಒತ್ತುತ್ತಿದ್ದ ಅದೇ ವಿಶ್ವವಿದ್ಯಾನಿಲಯ. ಅದು ಪದವಿ ಕೊಡಲಿಲ್ಲ. ಕಾರಣ, ಎಂ.ಎಸ್ಸಿ. ಆಗಿಲ್ಲ. ಆನರ್ಸ್ ಪದವಿ, ಐದು ವರ್ಷದ ದುಡಿಮೆ, ಅಚ್ಚಾದ ಐದು ಲೇಖನ ಯಾವುದೂ ಆ ಒಂದು ಕಾಗದಕ್ಕೆ ಸಮ ತೂಗಲಿಲ್ಲ. ಅದೇ ಪ್ರಯೋಗಾಲಯದಲ್ಲಿ ದುಡಿದ ಸುನಂದಾ ಬಾಯಿಯವರಿಗೂ ಪಿಎಚ್.ಡಿ. ದಕ್ಕಲಿಲ್ಲ.

ಅಣ್ಣಾ ಮಣಿ ಅದನ್ನು ದೊಡ್ಡದು ಮಾಡಲಿಲ್ಲ. ಪದವಿ ಇಲ್ಲದ್ದರಿಂದ ತನ್ನ ಕೆಲಸಕ್ಕೇನೂ ಕೊರತೆಯಾಗಲಿಲ್ಲ ಎನ್ನುತ್ತಿದ್ದರು. ಹೆಣ್ಣೆಂದು ತನ್ನ ಬಗ್ಗೆ ಮರುಕ ಪಡುವುದೂ ಅವರಿಗೆ ಸೇರುತ್ತಿರಲಿಲ್ಲ. ಲಂಡನ್ನಿನಲ್ಲಿ ತರಬೇತಿ ಪಡೆದು ಬಂದು 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ನಮ್ಮಲ್ಲೇ ತಯಾರಿಸುವಂತೆ ಮಾಡಿದರು. ಆ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಅವರ ದೊಡ್ಡ ಮನಸ್ಸು ಅವರದು. ಹಾಗೆಂದು ಬಾಗಿಲು ಹಾಕಿದವರ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ.

ಮೂರನೆಯವರು ನಮ್ಮ ಕನ್ನಡದವರೇ, ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದವರು. ಇವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಅಜ್ಜಿಯೇ ಪದವೀಧರೆಯಾಗಿದ್ದ ಮನೆಯಲ್ಲಿ ಮೊಮ್ಮಗಳು ಓದಬೇಕೆ ಬೇಡವೆ ಎಂಬ ಚರ್ಚೆ ಏಳುವುದೇ ಇಲ್ಲ. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿ, 1943ರಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ತರಂಗಗಳು, ಆಂಟೆನಾಗಳು ಅವರ ವಿಷಯ. ಮುಂದೆ ಆ ವಿಭಾಗದ ಮುಖ್ಯಸ್ಥೆಯೂ ಆದರು. ಒಬ್ಬ ಹೆಣ್ಣುಮಗಳಿಗೆ ಒಂದು ವರ್ಷ ನೋಡೋಣ ಎಂದಿದ್ದ ಸಂಸ್ಥೆಯಲ್ಲಿ ಇಪ್ಪತ್ತೇ ವರ್ಷಗಳಲ್ಲಿ ಇನ್ನೊಬ್ಬ ಹೆಣ್ಣುಮಗಳು ಗುರುಪೀಠದಲ್ಲಿ ಕುಳಿತಳು.

1982ರಲ್ಲಿ ನಿವೃತ್ತರಾದ ಮೇಲೆ ರಾಜೇಶ್ವರಿ ಕೈಕಟ್ಟಿ ಕೂರಲಿಲ್ಲ. ಆ ಹೊತ್ತಿಗೆ ನಮ್ಮ ದೇಶದಲ್ಲಿ ಹೊಸದೊಂದು ಅಧ್ಯಯನ ಶುರುವಾಗಿತ್ತು. ಮಹಿಳೆಯರ ಸ್ಥಿತಿಗತಿಯ ಬಗ್ಗೆ ಸರ್ಕಾರ ನೇಮಿಸಿದ್ದ ಸಮಿತಿ 1974ರಲ್ಲಿ ‘ಸಮಾನತೆಯ ಕಡೆಗೆ’ ಎಂಬ ಅರ್ಥದ ಹೆಸರಿನಲ್ಲಿ ವರದಿ ಕೊಟ್ಟಿತ್ತು. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಹೆಣ್ಣಿನ ಬಾಳು ಹಸನಾಗಿಲ್ಲ ಎಂದು ಅದು ಲೆಕ್ಕ ಸಮೇತ ತೋರಿಸಿತು. ಅದೇ ವರ್ಷ ಮುಂಬಯಿಯಲ್ಲಿ, ಕರ್ವೆಯವರು 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ, ನೀರಾ ದೇಸಾಯಿಯವರು ಮಹಿಳಾ ಅಧ್ಯಯನದ ಕೇಂದ್ರ ಆರಂಭಿಸಿದರು. 1982ರಲ್ಲಿ ಮಹಿಳಾ ಅಧ್ಯಯನದ ಅಖಿಲ ಭಾರತ ಸಂಘ ಹುಟ್ಟಿತು. ರಾಜೇಶ್ವರಿ ಅದರಲ್ಲಿ ಕೆಲಸ ಮಾಡಿದರು. 1986ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗವೇ ಇಂಥ ಕೇಂದ್ರಗಳಿಗೆ ನೆರವು ಕೊಡತೊಡಗಿತು. 2003ರಲ್ಲಿ ವಿಜಾಪುರದಲ್ಲಿ ನಮ್ಮ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯವೂ ಬಂತು. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು.

ಮಹಿಳಾ ಅಧ್ಯಯನ ಎಂದರೆ ಗಂಡಸರನ್ನು ಬೈಯುವ ಶಾಸ್ತ್ರ ಎಂದು ತಿಳಿದವರಿದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ! ನನಗೆ ಅರ್ಥವಾದಂತೆ ಅದು ಮಾಡಿದ ದೊಡ್ಡ ಕೆಲಸ ಒಂದೇ, ಪ್ರಶ್ನೆಯನ್ನು ತಿರುಗಿಸಿದ್ದು. ಈ ಹೆಣ್ಣು ಪ್ರಯೋಗಾಲಯಕ್ಕೆ ಯೋಗ್ಯಳೋ ಎಂದು ಹಿಂದೆ ಕೇಳುತ್ತಿದ್ದರು. ಆ ಪ್ರಯೋಗಾಲಯ ಹೆಣ್ಣಿಗೆ ಯೋಗ್ಯವಾಗಿದೆಯೋ ಎಂದು ಇದು ಕೇಳಿತು.

ಯಾಕೆ ಕೇಳಬೇಕು ಎಂಬುದಕ್ಕೆ ಲೆಕ್ಕಗಳೇ ಉತ್ತರ. 2021-22ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿಜ್ಞಾನ ವಿಷಯಗಳನ್ನು ಕಲಿಯುತ್ತಿದ್ದ 57.2 ಲಕ್ಷ ವಿದ್ಯಾರ್ಥಿಗಳಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಅರ್ಧಕ್ಕಿಂತ ಹೆಚ್ಚು. ಆದರೆ ಸಂಶೋಧನೆಯಲ್ಲಿ ನೇರವಾಗಿ ತೊಡಗಿದವರ 2018ರ ಲೆಕ್ಕ ತೆಗೆದರೆ ಮಹಿಳೆಯರು ಶೇಕಡಾ 16.6 ಮಾತ್ರ. ಪಿಯುಸಿ ಫಲಿತಾಂಶ ಬಂದಾಗ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಮುಂದಿವೆ ಎಂದು ನಾವು ಸಿಹಿ ಹಂಚುತ್ತೇವೆ. ಪತ್ರಿಕೆಯಲ್ಲಿ ಹುಡುಗಿಯರ ಫೋಟೋ ಸಾಲಾಗಿ ಬರುತ್ತದೆ. ಹತ್ತು ವರ್ಷದ ಮೇಲೆ ಆ ಫೋಟೋದಲ್ಲಿದ್ದವರೆಲ್ಲ ಎಲ್ಲಿ ಹೋದರು?

ಮದುವೆ, ಮಕ್ಕಳು ಎಂದು ನಾವು ಥಟ್ಟನೆ ಹೇಳುತ್ತೇವೆ. ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪರವಾಗಿ ಅನಿತಾ ಕುರುಪ್, ರೋಹಿಣಿ ಗೋಡ್ಬೋಲೆ ಮೊದಲಾದವರು 2010ರಲ್ಲಿ ಹೊರತಂದ ಅಧ್ಯಯನ ಬೇರೆಯೇ ಮಾತು ಹೇಳಿತು. ಪಿಎಚ್.ಡಿ. ಮಾಡಿಯೂ ಸಂಶೋಧನೆ ಬಿಟ್ಟ ಮಹಿಳೆಯರನ್ನೇ ಕೇಳಿದಾಗ ಮನೆಯ ಜವಾಬ್ದಾರಿಗಿಂತ ಹೆಚ್ಚಾಗಿ ಬಂದ ಉತ್ತರ, ಕೆಲಸ ಸಿಗಲಿಲ್ಲ ಎಂಬುದು. ಮನೆಯವರು ತಡೆದರು ಎಂದು ನಾವು ಸುಲಭವಾಗಿ ಹೇಳುವ ಕಡೆ ಸಂಸ್ಥೆಗಳೇ ಬಾಗಿಲು ಮುಚ್ಚಿದ್ದವು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಸಂಶೋಧನೆಯಲ್ಲಿ ಉಳಿದ ಮಹಿಳೆಯರಲ್ಲಿ ಮದುವೆಯಾಗದವರ ಪ್ರಮಾಣ ಗಂಡಸರಿಗಿಂತ ಎಷ್ಟೋ ಹೆಚ್ಚು. ಗಂಡಸಿಗೆ ಎರಡೂ ಸಿಗುತ್ತದೆ, ಹೆಣ್ಣು ಒಂದನ್ನು ಆರಿಸಿಕೊಳ್ಳಬೇಕು.

ಇದರ ಬೀಜ ಎಲ್ಲಿದೆ ಎಂದು ನನಗೆ ಶಾಲೆಯಲ್ಲೇ ಕಾಣುತ್ತದೆ. ನಾನು ಕಲಿಸುವುದು ಸಮಾಜ ವಿಜ್ಞಾನ. ಆದರೆ ವಿಜ್ಞಾನದವರು ರಜೆಯಿದ್ದಾಗ ಮಕ್ಕಳನ್ನು ಪ್ರಯೋಗಾಲಯದಲ್ಲಿ ಕೂರಿಸಿಕೊಳ್ಳುವುದುಂಟು. ನಾಲ್ಕು ಮಕ್ಕಳ ಗುಂಪು ಮಾಡಿದರೆ ಬ್ಯೂರೆಟ್ಟು ಹಿಡಿಯುವುದು ಹುಡುಗ, ಬ್ಯಾಟರಿಗೆ ತಂತಿ ಜೋಡಿಸುವುದು ಹುಡುಗ. ಹುಡುಗಿಯರು ಅಂಕಿ ಬರೆದುಕೊಳ್ಳುತ್ತಾರೆ, ಸ್ಕೇಲು ಹಿಡಿದು ಚಂದದ ಚಿತ್ರ ಬಿಡಿಸುತ್ತಾರೆ. ರೆಕಾರ್ಡಿಗೆ ಹತ್ತಕ್ಕೆ ಹತ್ತು ಅಂಕ ಅವಳಿಗೆ, ಉಪಕರಣ ಮುಟ್ಟಿದ ಧೈರ್ಯ ಅವನಿಗೆ. ಯಾರೂ ಹೀಗೆ ಮಾಡಿ ಎಂದು ಹೇಳಿಕೊಟ್ಟದ್ದಲ್ಲ.

ನನ್ನ ಕೈಯಲ್ಲಿ ಕಲಿತ ಒಬ್ಬಳು ಎಂ.ಎಸ್ಸಿ.ಯಲ್ಲಿ ಬಹಳ ಒಳ್ಳೆಯ ಅಂಕ ಪಡೆದಳು. ಸಂಶೋಧನೆಗೆ ಸೀಟೂ ಸಿಕ್ಕಿತ್ತು. ಅಷ್ಟರಲ್ಲಿ ಸಂಬಂಧ ಬಂತು. ಗಂಡಿನ ಕಡೆಯವರು ಕೆಟ್ಟವರಲ್ಲ, ಓದು ಬೇಡವೆನ್ನಲಿಲ್ಲ. “ಮದುವೆ ಮುಗಿಯಲಿ, ಒಂದು ವರ್ಷ ನೋಡೋಣ” ಎಂದರು. ವರ್ಷದಲ್ಲಿ ಬಸುರಾದಳು. ಮತ್ತೆ ಮಗು ನಡೆಯಲಿ ಎಂದಾಯಿತು, ಶಾಲೆಗೆ ಹೋಗಲಿ ಎಂದಾಯಿತು. ಮೊನ್ನೆ ಸೆಂಟ್ರಲ್ ಮಾರ್ಕೆಟ್ಟಿನ ಬಳಿ ಸಿಕ್ಕಿದವಳು ತರಕಾರಿಯ ಮಾತು ಮುಗಿಸಿ ಮೆಲ್ಲನೆ ಕೇಳಿದಳು, “ಟೀಚರ್, ಈಗ ಹೋದರೆ ನನ್ನನ್ನು ಸೇರಿಸಿಕೊಳ್ತಾರಾ?” ಆ ದನಿಯಲ್ಲಿ ಆಸೆಗಿಂತ ನಾಚಿಕೆಯೇ ಹೆಚ್ಚಿತ್ತು, ಕೇಳಬಾರದ್ದನ್ನು ಕೇಳಿದ ಹಾಗೆ. ಕಮಲಾ ಭಾಗವತ್‌ಗೆ ಇಟ್ಟ ಪರೀಕ್ಷೆಗೆ ಒಂದು ವರ್ಷದ ಗಡುವಾದರೂ ಇತ್ತು. ಇವಳ ವರ್ಷಕ್ಕೆ ಕೊನೆಯೇ ಇರಲಿಲ್ಲ.

ಸೇರಿಸಿಕೊಳ್ಳುತ್ತಾರೆ ಎಂದೇ ಹೇಳಿದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. 2002-03ರಲ್ಲೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ನಡುವೆ ಓದು ಕೆಲಸ ಬಿಟ್ಟ ಮಹಿಳೆಯರು ಸಂಶೋಧನೆಗೆ ಮರಳಲೆಂದು ವೇತನದ ಯೋಜನೆ ಆರಂಭಿಸಿತು. ಅನುದಾನ ಆಯೋಗದ 2016ರ ನಿಯಮಾವಳಿ ಪಿಎಚ್.ಡಿ. ಮಾಡುವ ಮಹಿಳೆಗೆ ಎರಡು ವರ್ಷ ಹೆಚ್ಚಿನ ಅವಧಿಯನ್ನೂ, ಹೆರಿಗೆ ಮತ್ತು ಮಗುವಿನ ಆರೈಕೆಗಾಗಿ 240 ದಿನಗಳವರೆಗೆ ರಜೆಯನ್ನೂ ಕೊಟ್ಟಿತು. 2020ರಲ್ಲಿ ಅದೇ ಇಲಾಖೆ ‘ಗತಿ’ ಎಂಬ ಹೆಸರಿನ ಇನ್ನೊಂದು ಯೋಜನೆ ಘೋಷಿಸಿತು. ಅದರಲ್ಲಿ ಅಂಕ ಹಾಕುವುದು ಹೆಣ್ಣುಮಕ್ಕಳಿಗಲ್ಲ, ಸಂಸ್ಥೆಗಳಿಗೆ. ಎಷ್ಟು ಮಹಿಳೆಯರನ್ನು ನೇಮಿಸಿದಿರಿ, ಎಷ್ಟು ಮಂದಿಗೆ ಬಡ್ತಿ ಕೊಟ್ಟಿರಿ, ಅವರಿಗೆ ಏನು ಅನುಕೂಲ ಮಾಡಿದಿರಿ ಎಂದು ಸಂಸ್ಥೆಯೇ ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ತೊಂಬತ್ತು ವರ್ಷಗಳ ಹಿಂದೆ ಪರೀಕ್ಷೆಗೆ ಕುಳಿತದ್ದು ಒಬ್ಬ ಹುಡುಗಿ. ಈಗ ಪರೀಕ್ಷೆಗೆ ಕೂರುವ ಸರದಿ ಸಂಸ್ಥೆಗಳದ್ದು.

ಯೋಜನೆಗಳು ಕಾಗದದ ಮೇಲೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಎಷ್ಟೋ ಮನೆಗಳಿಗೆ ಇಂಥ ನಿಯಮಗಳಿವೆ ಎಂಬುದೇ ತಿಳಿದಿಲ್ಲ. ಮಗಳೋ ಸೊಸೆಯೋ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದರೆ ಹತ್ತಿರದ ಕಾಲೇಜಿನ ಅಧ್ಯಾಪಕರನ್ನು ಒಮ್ಮೆ ಕೇಳಿಸಿ ನೋಡಿ. ಮಗುವನ್ನು ಮೂರು ಗಂಟೆ ನೋಡಿಕೊಳ್ಳುವ ಅಜ್ಜಿಯೊಬ್ಬಳು ಒಂದು ಪಿಎಚ್.ಡಿ.ಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಯಾವ ವಿಶ್ವವಿದ್ಯಾನಿಲಯವೂ ಲೆಕ್ಕ ಇಟ್ಟಿಲ್ಲ. ಆ ಲೆಕ್ಕ ನಮ್ಮ ಬಳಿ ಇದೆ. ನನ್ನ ಆ ಹಳೆಯ ವಿದ್ಯಾರ್ಥಿನಿ ಕಳೆದ ವಾರ ಫೋನು ಮಾಡಿದ್ದಳು. ಅರ್ಜಿ ತುಂಬಿದ್ದಾಳಂತೆ. ಅತ್ತೆಯೇ ಮಗುವನ್ನು ಹಿಡಿದುಕೊಂಡು ಜೊತೆಗೆ ಹೋಗಿದ್ದರಂತೆ.